ಚೀಟಿ ಮುಳುಗಿತು, ಫೋಟೊ ಊರೆಲ್ಲ ಹರಿದಾಡಿತು: ಈ ಕೆಟ್ಟ ಹೆಸರು ಹೋಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ದಾವಣಗೆರೆಯ ನಿಟುವಳ್ಳಿ ಕಡೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಜೊತೆಗೆ ಆರು ವರ್ಷದಿಂದ ಚೀಟಿ ನಡೆಸುತ್ತಿದ್ದ. ನೋಂದಣಿ ಮಾಡಿಸಿರಲಿಲ್ಲ. ಮಂಡಕ್ಕಿ ಭಟ್ಟಿಯವರು, ತರಕಾರಿ ಮಾರುವವರು, ಬೀದಿಯ ಹೆಂಗಸರು ನಂಬಿ ಕಟ್ಟುತ್ತಿದ್ದರು. ಈ ವರ್ಷ ಚೀಟಿ ಎತ್ತಿದ ಕೆಲವರು ಕಂತು ನಿಲ್ಲಿಸಿದರು. ಎರಡು ಚೀಟಿ ತೂಗಿಸಲಾಗದೆ ಮೂರನೆಯದನ್ನು ಶುರು ಮಾಡಿದ, ಅದಕ್ಕೀಗ ಮೂರು ತಿಂಗಳು. ಒಟ್ಟು 31 ಜನಕ್ಕೆ 14 ಲಕ್ಷ ಕೊಡಬೇಕು. ಹೆದರಿ ಫೋನ್ ಸ್ವಿಚ್ ಆಫ್ ಮಾಡಿ 11 ದಿನ ನೆಂಟರ ಮನೆಯಲ್ಲಿದ್ದು ವಾಪಸ್ ಬಂದಿದ್ದಾನೆ. ಅಷ್ಟರಲ್ಲಿ ಗೃಹಪ್ರವೇಶದ ಫೋಟೊ ಹಾಕಿ, ಹೆಂಡತಿ ಮತ್ತು 9 ವರ್ಷದ ಮಗಳ ಮುಖವೂ ಕಾಣುವಂತೆ, "ಮಹಾ ಮೋಸಗಾರ, 2 ಕೋಟಿ ಚೀಟಿ ಹಣದೊಂದಿಗೆ ಪರಾರಿ, ಹೆಂಡತಿ ಹೆಸರಲ್ಲಿ 3 ಸೈಟು, ಬೆಂಗಳೂರಿನಲ್ಲಿ ಇನ್ನೊಂದು ಸಂಸಾರ, ಸಿಕ್ಕಲ್ಲಿ ಹಿಡಿದು ಕೊಡಿ" ಎಂದು ವಾಟ್ಸ್ಆ್ಯಪ್ ಮತ್ತು ಫೇಸ್‌ಬುಕ್ ತುಂಬ ಹರಡಿದ್ದಾರೆ. ಸೈಟೂ ಇಲ್ಲ, ಇನ್ನೊಂದು ಸಂಸಾರವೂ ಇಲ್ಲ. ಮಗು ಶಾಲೆಗೆ ಹೋಗಲು ಅಳುತ್ತದೆ. ಒಬ್ಬರು 60 ಸಾವಿರ ಕೊಟ್ಟರೆ ಇಂಟರ್ನೆಟ್ಟಿನಿಂದ ಪೂರ್ತಿ ತೆಗೆಸುತ್ತೇವೆ ಎನ್ನುತ್ತಿದ್ದಾರೆ. ಮಾನನಷ್ಟದ ಕೇಸು ಹಾಕಬಹುದೇ? ಊರು ಬಿಡುವುದು ಒಳ್ಳೆಯದೇ? ಈ ಹೆಸರು ಎಂದಾದರೂ ಹೋಗುತ್ತದೆಯೇ? (ಹೆಸರು ಬೇಡ, ದಾವಣಗೆರೆ)

ಉತ್ತರ: ಕೇಸು ಹಾಕಬಹುದು. ಆದರೆ ಈಗಲೇ ಹಾಕಬೇಡಿ. ಊರು ಬಿಡಬೇಡಿ. 60 ಸಾವಿರ ಕೊಡಲೇಬೇಡಿ, ಅದು 31 ಜನರಲ್ಲಿ ನಾಲ್ಕೈದು ಜನರ ಬಾಕಿ ಪೂರ್ತಿ ತೀರಿಸುವ ದುಡ್ಡು.

ನಿಮ್ಮ ಪತ್ರದಲ್ಲಿ ತಮ್ಮ ಮಾಡಿದ್ದೂ ಇದೆ, ಜನ ಕಟ್ಟಿದ ಕಥೆಯೂ ಇದೆ. ಇವೆರಡನ್ನೂ ಸೇರಿಸಿ "ನಮ್ಮ ಮಾನ ಹೋಯಿತು" ಎಂದರೆ ಕೋರ್ಟೂ ಒಪ್ಪುವುದಿಲ್ಲ, ಊರೂ ಒಪ್ಪುವುದಿಲ್ಲ. ಸುಳ್ಳನ್ನು ತೆಗೆಸಲು ಕಾನೂನಿನಲ್ಲಿ ದಾರಿ ಇದೆ. ನಿಜವನ್ನು ತೆಗೆಸಲು ಯಾವ ವಕೀಲರಿಂದಲೂ ಆಗುವುದಿಲ್ಲ. ನಿಜವಿದ್ದಷ್ಟನ್ನು ತೀರಿಸಲು ಶುರುಮಾಡಿದ ಮೇಲೆ ಸುಳ್ಳಿನ ಮೇಲಿನ ನಿಮ್ಮ ದೂರಿಗೆ ಬಲ ಬರುತ್ತದೆ. ಈ ಕ್ರಮ ತಲೆಕೆಳಗಾದಾಗಲೇ ಇಂಥ ಪ್ರಕರಣಗಳು ಕೆಡುವುದನ್ನು ನಾವು ಕೋರ್ಟಿನಲ್ಲಿ ಕಾಣುತ್ತೇವೆ.

ಹಾಗಾಗಿ ಮೊದಲು ಆ ಪೋಸ್ಟರನ್ನು ಸಾಲುಸಾಲಾಗಿ ಬಿಡಿಸಿ. "2 ಕೋಟಿ" ಸುಳ್ಳು, ಲೆಕ್ಕದ ಪುಸ್ತಕ ಅದನ್ನು ತೋರಿಸುತ್ತದೆ. "3 ಸೈಟು" ಸುಳ್ಳಾದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಪಾಲಿಕೆಯ ಖಾತಾ ದಾಖಲೆ ಸಾಕ್ಷಿ. "ಇನ್ನೊಂದು ಸಂಸಾರ" ಎನ್ನುವುದಕ್ಕೂ ಚೀಟಿ ದುಡ್ಡಿಗೂ ಸಂಬಂಧವೇ ಇಲ್ಲ, ಮನೆಯವರನ್ನು ನೋಯಿಸಲು ಸೇರಿಸಿದ್ದು. ಮಗುವಿನ ಫೋಟೊ ಹಾಕಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. "ಸಿಕ್ಕಲ್ಲಿ ಹಿಡಿದು ಕೊಡಿ" ಎನ್ನುವುದು ಜೀವಕ್ಕೆ ಅಪಾಯ ತರುವ ಮಾತು. ಆದರೆ "ಪರಾರಿ"? 11 ದಿನ ಫೋನ್ ಆಫ್ ಇತ್ತು, ಅಂಗಡಿ ಬಾಗಿಲು ಹಾಕಿತ್ತು. ಆ ದಿನ ಹಾಗೆ ಬರೆದವರನ್ನು ಸುಳ್ಳುಗಾರರು ಎನ್ನುವುದು ಕಷ್ಟ. "ಮೋಸಗಾರ" ಎಂಬ ಮಾತು ದುಡ್ಡು ಕಳೆದುಕೊಂಡವರ ಬಾಯಲ್ಲಿ ಬಂದರೆ ಅದನ್ನು ನೊಂದವರ ಅಭಿಪ್ರಾಯವೆಂದು ನೋಡುವ ಸಾಧ್ಯತೆಯೇ ಹೆಚ್ಚು. ಅಂದರೆ ಅಷ್ಟು ಸಾಲುಗಳಲ್ಲಿ ನಿಮ್ಮ ಕೈ ಮೇಲಾಗಿರುವುದು ಸೈಟು, 2 ಕೋಟಿ, ಇನ್ನೊಂದು ಸಂಸಾರ, ಮಗುವಿನ ಮುಖ, ಬೆದರಿಕೆ ಇಷ್ಟರಲ್ಲಿ. ಉಳಿದದ್ದರಲ್ಲಿ ಇಲ್ಲ.

ಈ ಹೆಸರು ಬಂದದ್ದು ಹೇಗೆ

ನಿಮ್ಮ ತಮ್ಮ ಮೊದಲ ದಿನದಿಂದ ಮೋಸ ಮಾಡಲೆಂದೇ ಕೂತಿದ್ದರು ಎಂದು ಪತ್ರದಿಂದ ಅನಿಸುವುದಿಲ್ಲ. ಚೀಟಿ ನಡೆಸಿ ಹೆಸರು ಕೆಡಿಸಿಕೊಂಡವರಲ್ಲಿ ಹೆಚ್ಚಿನವರು ಹಾಗಿರುವುದಿಲ್ಲ. ಲೆಕ್ಕ ನೋಡಿ. 20 ಜನ, ತಿಂಗಳಿಗೆ 5,000, 20 ತಿಂಗಳು, ಅಂದರೆ 1 ಲಕ್ಷದ ಚೀಟಿ. ನಡೆಸುವವರಿಗೆ 5 ಪರ್ಸೆಂಟ್ ಕಮಿಷನ್ ಎಂದರೆ ತಿಂಗಳಿಗೆ 5,000. ಮೊದಲ ತಿಂಗಳುಗಳಲ್ಲೇ ಹರಾಜು ಕೂಗಿ ಚೀಟಿ ದುಡ್ಡು ಎತ್ತಿದ ಮೂರು ಜನ 8ನೇ ತಿಂಗಳ ನಂತರ ಕಟ್ಟುವುದನ್ನು ನಿಲ್ಲಿಸಿದರು ಎನ್ನಿ. ಪ್ರತಿ ತಿಂಗಳೂ 15,000 ಖೋತಾ. ಕಮಿಷನ್ ಪೂರ್ತಿ ಸುರಿದರೂ 10,000 ಕೈಯಿಂದ ಹಾಕಬೇಕು. ಉಳಿದ 12 ತಿಂಗಳಿಗೆ ಆ ಮೂವರ ಬಾಕಿ 1,80,000. ಲಾಭಾಂಶ ಕಳೆದರೆ ಸ್ವಲ್ಪ ಇಳಿಯುತ್ತದೆ, ಆದರೆ ಟೈಲರಿಂಗ್ ಅಂಗಡಿಯ ದುಡಿಮೆಯಲ್ಲಿ ತೂಗುವ ಮೊತ್ತವಲ್ಲ.

ಇಲ್ಲಿ ಎರಡು ದಾರಿ ಇರುತ್ತವೆ. 20 ಜನರನ್ನೂ ಕರೆದು "ಈ ಮೂವರು ಕಟ್ಟುತ್ತಿಲ್ಲ, ಚೀಟಿ ಇಲ್ಲಿಗೆ ನಿಲ್ಲಿಸೋಣ, ಲೆಕ್ಕ ಹೀಗಿದೆ" ಎನ್ನುವುದು ಒಂದು. ಹಾಗೆ ಹೇಳಿದರೆ ಆ ದಿನ ಜಗಳವಾಗುತ್ತದೆ, ನಾಲ್ಕು ಬೈಗುಳ ಬೀಳುತ್ತವೆ, ಆದರೆ ಸಾಲ ಒಂದೇ ಚೀಟಿಯಷ್ಟಕ್ಕೆ ನಿಲ್ಲುತ್ತದೆ. ಇನ್ನೊಂದು, ಯಾರಿಗೂ ಹೇಳದೆ ಹೊಸ ಚೀಟಿ ತೆಗೆದು ಅದರ ದುಡ್ಡಿನಲ್ಲಿ ಹಳೆಯದನ್ನು ತುಂಬುವುದು. ರೊಟೇಷನ್ ಎನ್ನುತ್ತಾರೆ. ನಾಚಿಕೆ, ಭಯ, "ಮುಂದಿನ ತಿಂಗಳು ಸರಿಹೋಗುತ್ತದೆ" ಎಂಬ ಆಸೆ ಸೇರಿ ಮನುಷ್ಯರನ್ನು ಎರಡನೆಯ ದಾರಿಗೆ ಎಳೆಯುತ್ತವೆ. ನಿಮ್ಮ ತಮ್ಮನ ತಪ್ಪು ಇರುವುದು ಇಲ್ಲಿ, ಇದನ್ನು ನೀವು ಮನೆಯೊಳಗೆ ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು. ಮೊದಲ ಎರಡು ಚೀಟಿ ಮುಳುಗುತ್ತಿವೆ ಎಂದು ಗೊತ್ತಿದ್ದೂ ಮೂರನೆಯದಕ್ಕೆ ಜನರಿಂದ ದುಡ್ಡು ತೆಗೆದುಕೊಂಡದ್ದು ಬರೀ ಕೈಲಾಗದ ಸಾಲವಲ್ಲ.

ಕಾನೂನೂ ಇದೇ ಜಾಗದಲ್ಲಿ ಗೆರೆ ಎಳೆಯುತ್ತದೆ. ವಂಚನೆ ಎನ್ನಲು ದುಡ್ಡು ತೆಗೆದುಕೊಳ್ಳುವ ಹೊತ್ತಿನಲ್ಲೇ ಕೊಡುವ ಮನಸ್ಸಿರಲಿಲ್ಲ ಎಂದು ತೋರಿಸಬೇಕು. ಸುಪ್ರೀಂ ಕೋರ್ಟ್ ಇದನ್ನು ಎಷ್ಟೋ ತೀರ್ಪುಗಳಲ್ಲಿ ಹೇಳಿದೆ. ಮೊದಲೆರಡು ಚೀಟಿಯ ವಿಷಯದಲ್ಲಿ ಆ ಆರೋಪ ಸುಲಭವಾಗಿ ನಿಲ್ಲದು. ಮೂರನೆಯದರಲ್ಲಿ ನಿಲ್ಲಬಹುದು. ಭಾರತೀಯ ನ್ಯಾಯ ಸಂಹಿತೆಯ 318(4)ರಡಿ ಅದಕ್ಕೆ 7 ವರ್ಷದವರೆಗೆ ಜೈಲು ಮತ್ತು ದಂಡ. ಇದಲ್ಲದೆ ಸರ್ಕಾರದ ಮುಂಚಿನ ಅನುಮತಿ, ನೋಂದಣಿ ಇಲ್ಲದೆ ಚೀಟಿ ನಡೆಸಿದ್ದೇ 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ಪ್ರತ್ಯೇಕ ಅಪರಾಧ, 2 ವರ್ಷದವರೆಗೆ ಶಿಕ್ಷೆ. "ನಮ್ಮೂರಲ್ಲಿ ಎಲ್ಲರೂ ಹೀಗೇ ನಡೆಸುತ್ತಾರೆ" ಎಂಬ ಉತ್ತರ ಎಲ್ಲೂ ನಡೆಯದು.

ಇನ್ನು ಊರಿನ ಲೆಕ್ಕ. ಚೀಟಿ ಮುಳುಗಿದ ದಿನ ನಿಮ್ಮ ತಮ್ಮ ಜನರ ಕಣ್ಣಿಗೆ ಸಾಲಗಾರ. ಫೋನ್ ಸ್ವಿಚ್ ಆಫ್ ಆದ ದಿನ ಮೋಸಗಾರ. ಕೆಟ್ಟ ಹೆಸರು ನಿಂತುಕೊಳ್ಳುವುದು ಹೀಗೆ, ಒಬ್ಬ ಮನುಷ್ಯನ ಇಡೀ ಬದುಕನ್ನು ಒಂದು ದಿನದ ನಡತೆಯಿಂದ ಅಳೆದು. ಮೀರ್ ಸಾದಿಕ್ ಟಿಪ್ಪುವಿನ ದಿವಾನನಾಗಿ ವರ್ಷಗಟ್ಟಲೆ ಏನೇನು ಕೆಲಸ ಮಾಡಿದ ಎಂದು ಕೇಳಿದರೆ ಯಾರೂ ಹೇಳಲಾರರು. ಜನ ಹಿಡಿದಿಟ್ಟುಕೊಂಡದ್ದು ಅವನು ದ್ರೋಹ ಮಾಡಿದನೆನ್ನುವ, ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ನ್ನು. ಇನ್ನೂರು ವರ್ಷ ದಾಟಿದರೂ ಅವನ ಹೆಸರು ಬೈಗುಳವಾಗಿಯೇ ಉಳಿದಿದೆ. ನಿಮ್ಮ ತಮ್ಮನದು ಅದರ ಹತ್ತಿರಕ್ಕೂ ಬರುವ ಸಂಗತಿಯಲ್ಲ, ಆದರೆ ಊರಿನ ನೆನಪು ನಡೆಯುವ ರೀತಿ ಒಂದೇ. ಆರು ವರ್ಷ ಸರಿಯಾಗಿ ಚೀಟಿ ಕೊಟ್ಟದ್ದು ಯಾರ ಬಾಯಲ್ಲೂ ಬರುವುದಿಲ್ಲ, ಆ 11 ದಿನ ಮಾತ್ರ ಬರುತ್ತದೆ.

ಫೋನ್ ಆಫ್ ಆದ ಜಾಗವನ್ನು ಊಹೆ ತುಂಬುತ್ತದೆ. 14 ಲಕ್ಷ 2 ಕೋಟಿಯಾದದ್ದು ಹಾಗೆ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುದ್ದಿಗಳನ್ನು ಎಂಐಟಿ ಸಂಶೋಧಕರು ಪರಿಶೀಲಿಸಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ನಿಜಸುದ್ದಿಗಿಂತ ಶೇ 70ರಷ್ಟು ಹೆಚ್ಚು ಎಂದು ಅವರು ಕಂಡರು. ಸುಳ್ಳಿನಲ್ಲಿ ಹೊಸತನವಿತ್ತು, ಕೇಳಿದವರಿಗೆ ಅಚ್ಚರಿಯೂ ಅಸಹ್ಯವೂ ಆಗುತ್ತಿತ್ತು. "ಟೈಲರ್ 14 ಲಕ್ಷ ಬಾಕಿ ಉಳಿಸಿಕೊಂಡ" ಎಂಬುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. "ಇನ್ನೊಂದು ಸಂಸಾರ" ಸೇರಿದರೆ ಜಯದೇವ ಸರ್ಕಲ್‌ನಿಂದ ಹರಿಹರದವರೆಗೆ ಒಂದೇ ಸಂಜೆಯಲ್ಲಿ ತಲುಪುತ್ತದೆ.

ಜನ ನಿಮಗೆ ಹೇಳುತ್ತಿರಬಹುದಾದ ಕೆಲವು ಮಾತು

"ಕಂಪ್ಲೇಂಟ್ ಕೊಟ್ಟರೆ ನಾಳೆಯೇ ಪೊಲೀಸರು ಹಿಡಿದು ತರುತ್ತಾರೆ." ಇಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. 2 ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ. ಇದು ಅಸಂಜ್ಞೇಯ ಅಪರಾಧ, ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮುಂಚೆಯೇ ಎದುರಿನವರ ಮಾತನ್ನೂ ಕೇಳಬೇಕು. ಅಲ್ಲಿಂದ ಮುಂದೆ ವರ್ಷಗಳು. ಈ ದೂರಿಗೆ 3 ವರ್ಷ ಕಾಲಾವಕಾಶವಿದೆ. ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳುವುದಾದರೆ ಪ್ರಕಟವಾದ ದಿನದಿಂದ 1 ವರ್ಷದೊಳಗೆ ದಾವೆ ಹಾಕಬೇಕು. ಈ ಗಡುವು ತಪ್ಪಿಸಿಕೊಂಡವರೇ ಹೆಚ್ಚು, ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

"ಫಾರ್ವರ್ಡ್ ಮಾಡಿದವರಿಗೆ ಏನೂ ಆಗುವುದಿಲ್ಲ." ತಪ್ಪು. ಮಾನನಷ್ಟದ ಮಾತನ್ನು ಮತ್ತೊಬ್ಬರಿಗೆ ದಾಟಿಸಿದವರೂ ಪ್ರಕಟಿಸಿದಂತೆಯೇ. ಗ್ರೂಪ್ ಅಡ್ಮಿನ್ ಮಾತ್ರ ಬೇರೆ, ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ.

"ನಿಜವಾಗಿದ್ದರೆ ಏನು ಬೇಕಾದರೂ ಹಾಕಬಹುದು." ಇದೂ ಅರ್ಧ ನಿಜ. ಕ್ರಿಮಿನಲ್ ಕಾನೂನಿನಲ್ಲಿ ಮಾತು ನಿಜವಾಗಿದ್ದರೆ ಸಾಲದು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಚೀಟಿ ಮುಳುಗಿದೆ, ಇನ್ನು ಯಾರೂ ಕಟ್ಟಬೇಡಿ ಎಂದು ಎಚ್ಚರಿಸುವುದು ಸಾರ್ವಜನಿಕ ಹಿತವೇ, ಅದರಲ್ಲಿ ಅನುಮಾನ ಬೇಡ. 9 ವರ್ಷದ ಮಗುವಿನ ಮುಖ ತೋರಿಸುವುದರಲ್ಲಿ ಯಾವ ಹಿತವೂ ಇಲ್ಲ.

"ಒಂದು ಖಡಕ್ ನೋಟಿಸ್ ಕೊಟ್ಟರೆ ಎಲ್ಲರೂ ತೆಪ್ಪಗಾಗುತ್ತಾರೆ." ಇದು ಎಲ್ಲಕ್ಕಿಂತ ಅಪಾಯದ ಸಲಹೆ, ವಕೀಲರೇ ಕೊಡುವುದರಿಂದ ಇನ್ನೂ ಅಪಾಯ. 2003ರಲ್ಲಿ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ತಮ್ಮ ಕಡಲತೀರದ ಮನೆ ಕಾಣುವ ಒಂದು ಫೋಟೊ ತೆಗೆಸಲು 5 ಕೋಟಿ ಡಾಲರಿನ ದಾವೆ ಹಾಕಿದರು. ಅಲ್ಲಿಯವರೆಗೆ ಆ ಫೋಟೊವನ್ನು ಡೌನ್‌ಲೋಡ್ ಮಾಡಿದ್ದು ಆರೇ ಸಲ, ಅದರಲ್ಲೂ ಎರಡು ಅವರದೇ ವಕೀಲರು. ದಾವೆಯ ಸುದ್ದಿ ಹರಡಿದ ಮೇಲೆ ಒಂದೇ ತಿಂಗಳಲ್ಲಿ 4,20,000ಕ್ಕೂ ಹೆಚ್ಚು ಜನ ಆ ವೆಬ್‌ಸೈಟಿಗೆ ಬಂದರು. ದಾವೆಯೂ ವಜಾ ಆಯಿತು. ನಿಮ್ಮ ವಿಷಯದಲ್ಲಿ ಅದಕ್ಕಿಂತ ಕೆಡುತ್ತದೆ. 50 ಸಾವಿರ ಕಳೆದುಕೊಂಡ ಮಂಡಕ್ಕಿ ಭಟ್ಟಿಯ ಹೆಣ್ಣುಮಗಳ ಮನೆಗೆ ದುಡ್ಡಿನ ಬದಲು ಲಾಯರ್ ನೋಟಿಸ್ ಹೋದರೆ, ಆ ನೋಟಿಸಿನ ಫೋಟೊ ಹೊಸ ಪೋಸ್ಟರ್ ಆಗುತ್ತದೆ. ಆಗ ಬರುವ ಹೆಸರು ಪೂರ್ತಿ ನೀವೇ ಗಳಿಸಿದ್ದು.

"ಬೆಂಗಳೂರಿಗೆ ಹೋಗಿಬಿಡಿ, ಜನ ಮರೆಯುತ್ತಾರೆ." ಊರು ಬಿಟ್ಟ ದಿನ "ಪರಾರಿ" ಎಂಬ ಮಾತು ಪೂರ್ತಿ ನಿಜವಾಗುತ್ತದೆ. ನಾಳೆ ವಂಚನೆ ಪ್ರಕರಣ ದಾಖಲಾಗಿ ನಿರೀಕ್ಷಣಾ ಜಾಮೀನು ಕೇಳಬೇಕಾದರೆ, ಮನೆ, ಅಂಗಡಿ ಇಲ್ಲೇ ಇದೆ, ಕರೆದಾಗ ಬರುತ್ತಾರೆ ಎನ್ನುವುದೇ ನಿಮ್ಮ ದೊಡ್ಡ ಆಧಾರ.

ಈಗ ಮಾಡಬೇಕಾದ್ದು

ಇಂದೇ ಆಗಬೇಕಾದ ಒಂದು ಕೆಲಸ ಸಾಕ್ಷ್ಯ ಉಳಿಸುವುದು. ಪೋಸ್ಟರ್ ಬಂದ ಫೋನಿನಿಂದ ಅದನ್ನು ಅಳಿಸಬೇಡಿ. ಕಳಿಸಿದವರ ನಂಬರು, ಗ್ರೂಪಿನ ಹೆಸರು, ದಿನಾಂಕ, ಸಮಯ ಒಟ್ಟಿಗೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗ್ರೂಪ್ ತೆರೆದು ಆ ಸಂದೇಶದವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ. ಫೇಸ್‌ಬುಕ್ ಪೋಸ್ಟಿನ ಪೂರ್ತಿ ಲಿಂಕ್ ಬರೆದಿಡಿ, ಬರೀ ಚಿತ್ರ ಸಾಲದು. ಕೋರ್ಟಿನಲ್ಲಿ ಇವನ್ನು ಒಪ್ಪಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಫೋನಿನವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಆಗಲೇ ಹಲವು ಕೈ ದಾಟಿದೆ ಎಂದರ್ಥ. ಮೊದಲು ಹಾಕಿದವರನ್ನು ಹುಡುಕುವ ಹಟಕ್ಕೆ ಬೀಳಬೇಡಿ, ನಿಮಗೆ ಗೊತ್ತಿರುವ ನಂಬರುಗಳನ್ನಷ್ಟೇ ಇಟ್ಟುಕೊಳ್ಳಿ.

ಫೇಸ್‌ಬುಕ್ ಪೋಸ್ಟಿನ ಮೇಲೆ ಅಲ್ಲೇ ರಿಪೋರ್ಟ್ ಮಾಡಿ. ಕಾರಣ ಕೇಳಿದಾಗ "ಮಾನನಷ್ಟ" ಎಂದು ಒತ್ತಿದರೆ ತಿಂಗಳುಗಟ್ಟಲೆ ಎಳೆಯಬಹುದು. ಮಗುವಿನ ಫೋಟೊ, ಹಿಂಸೆಗೆ ಕರೆ ಎಂಬ ಕಾರಣ ಕೊಡಿ, ಅವುಗಳ ಮೇಲೆ ಬೇಗ ಕ್ರಮವಾಗುತ್ತದೆ, ಅವು ನಿಜವೂ ಹೌದು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳಿಗೆ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ವಕೀಲರು ಬೇಡ. ವಾಟ್ಸ್ಆ್ಯಪ್‌ನಲ್ಲಿ ಆಗಲೇ ಜನರ ಫೋನು ಸೇರಿದ್ದನ್ನು ಯಾರಿಂದಲೂ ತೆಗೆಸಲಾಗದು. ಗೂಗಲ್‌ನವರು ತಮ್ಮ ಹುಡುಕಾಟದ ಪಟ್ಟಿಯಿಂದ ಕೈಬಿಡಬಹುದಷ್ಟೆ, ಮೂಲ ಪುಟ ಇದ್ದಲ್ಲೇ ಇರುತ್ತದೆ. "ಪೂರ್ತಿ ತೆಗೆಸುತ್ತೇವೆ" ಎನ್ನುವ 60 ಸಾವಿರದವರು ಮಾಡುವುದು ನೀವೇ ಪುಕ್ಕಟೆಯಾಗಿ ಮಾಡಬಹುದಾದ ಇದೇ ಕೆಲಸ.

ಬೆದರಿಕೆಯ ವಿಷಯ ಬೇರೆ. ಯಾರಾದರೂ ಮನೆಗೆ ನುಗ್ಗಿದರೆ, ಹೊಡೆಯುತ್ತೇವೆ ಎಂದರೆ 112ಕ್ಕೆ ಕರೆ ಮಾಡಿ. "ಸಿಕ್ಕಲ್ಲಿ ಹಿಡಿದು ಕೊಡಿ" ಎಂಬ ಸಾಲು ಮತ್ತು ಮಗುವಿನ ಫೋಟೊ ಇಟ್ಟು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅರ್ಜಿಯಲ್ಲಿ ಚೀಟಿ ಸದಸ್ಯರ ಹೆಸರು ಎತ್ತಬೇಡಿ, ಬಾಕಿ ಕೇಳುವುದು ಅವರ ಹಕ್ಕು. ಮನೆ ಮುಂದೆ ಬಂದು ಕೂರುವವರು ಕೈ ಎತ್ತದಿದ್ದರೆ ಪೊಲೀಸರನ್ನು ಕರೆಯಬೇಡಿ, ನೀರು ಕೊಟ್ಟು ಮಾತಾಡಿ.

ಎಲ್ಲಕ್ಕಿಂತ ದೊಡ್ಡ ಕೆಲಸ ಲೆಕ್ಕದ್ದು. ನೀವು ಪ್ರತ್ಯೇಕವಾಗಿ ಬರೆದ ಹಾಳೆಯಲ್ಲಿ ಒಡವೆ, ಬಟ್ಟೆಯ ಸ್ಟಾಕು ಸೇರಿ 5 ಲಕ್ಷ ಹುಟ್ಟುತ್ತದೆ, ಗಂಡ ಹೆಂಡತಿ ದುಡಿದರೆ ಮನೆ ಖರ್ಚು ಕಳೆದು ತಿಂಗಳಿಗೆ 25,000 ಕೊಡಬಹುದು ಎಂದಿದ್ದೀರಿ. ಮೂರನೆಯ ಚೀಟಿಯಲ್ಲಿ ಮಾತ್ರ ಇದ್ದು ತಲಾ 10ರಿಂದ 15 ಸಾವಿರ ಕಟ್ಟಿದವರು 12 ಜನ, ಅವರ ಒಟ್ಟು 1,60,000. ಇವರಿಗೆ ಮೊದಲು, ಪೂರ್ತಿ ಕೊಡಿ. ಮುಳುಗುವುದು ಗೊತ್ತಿದ್ದೂ ಇವರಿಂದ ತೆಗೆದುಕೊಂಡದ್ದು, ನ್ಯಾಯವೂ ಅದೇ, ಕಾನೂನಿನ ಅಪಾಯ ತಗ್ಗುವುದೂ ಅಲ್ಲೇ. 31ರಲ್ಲಿ 12 ಜನರ ಬಾಯಲ್ಲಿ "ನಮಗೆ ಬಂತು" ಎಂಬ ಮಾತು ಬರುತ್ತದೆ. ಉಳಿದ 19 ಜನರ ಬಾಕಿ 12,40,000. ಕೈಯಲ್ಲುಳಿದ 3,40,000ವನ್ನು ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿದರೆ ರೂಪಾಯಿಗೆ 27 ಪೈಸೆ ಬರುತ್ತದೆ, 50,000 ಬರಬೇಕಾದವರಿಗೆ ಸುಮಾರು 13,700. ಮಿಕ್ಕ 9 ಲಕ್ಷ ತಿಂಗಳಿಗೆ 25,000ದಂತೆ 36 ತಿಂಗಳು. ಜೋರು ಮಾಡಿದವರಿಗೆ ಹೆಚ್ಚು, ಸುಮ್ಮನಿದ್ದವರಿಗೆ ಕಡಿಮೆ ಎಂದು ಒಂದು ಸಲ ಮಾಡಿದರೂ ಇಡೀ ವ್ಯವಸ್ಥೆ ಮುರಿಯುತ್ತದೆ, ಏಕೆಂದರೆ ಜೋರು ಮಾಡಿದರೆ ದುಡ್ಡು ಬರುತ್ತದೆ ಎಂದು 19 ಜನಕ್ಕೂ ನೀವೇ ಕಲಿಸಿದಂತೆ.

ಇದರಲ್ಲಿ ತೊಂದರೆಗಳಿವೆ. ಮುಂದೆ ಇದು ಸಾಧ್ಯವಾಗದೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ, ಜನ ಪಾಪರ್ ಆಗುವುದು ಎನ್ನುವ ಅರ್ಜಿ ಹಾಕಬೇಕಾಗಿ ಬಂದರೆ, ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಬಾಕಿ ಬರಬೇಕಾದವರಲ್ಲಿ ಕೆಲವರಿಗಷ್ಟೇ ಅನುಕೂಲವಾಗಲೆಂದು ಕೊಟ್ಟದ್ದನ್ನು ಕೋರ್ಟ್ ರದ್ದು ಮಾಡಬಹುದು. ಆದ್ದರಿಂದ 12 ಜನರಿಗೆ ಕೊಡುವುದನ್ನು 19 ಜನರಿಗೂ ಹೇಳಿ, ಬರೆದು, ಸಹಿ ಪಡೆದು ಕೊಡಿ. ಆಸ್ತಿಯನ್ನು ನಿಮ್ಮ ಹೆಸರಿಗೋ ತಮ್ಮನ ಹೆಂಡತಿ ಹೆಸರಿಗೋ ಬರೆಸುವ ಯೋಚನೆ ಇದ್ದರೆ ಬಿಡಿ. 2 ವರ್ಷದೊಳಗಿನ ಅಂಥ ವರ್ಗಾವಣೆ ನಿಲ್ಲುವುದಿಲ್ಲ, "3 ಸೈಟು" ಎಂಬ ಸುಳ್ಳಿಗೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ವಂಚನೆಯಿಂದಾದ ಸಾಲ ದಿವಾಳಿಯಿಂದಲೂ ಹೋಗುವುದಿಲ್ಲ ಎಂಬುದು ನೆನಪಿರಲಿ.

ಜನ ಭದ್ರತೆಗೆ ಚೆಕ್ ಕೇಳುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬಾರದು. ಚೆಕ್ ಬೌನ್ಸ್ ಆದರೆ 30 ದಿನದೊಳಗೆ ಅವರು ನೋಟಿಸ್ ಕೊಡುತ್ತಾರೆ, ನೋಟಿಸ್ ತಲುಪಿ 15 ದಿನದಲ್ಲಿ ಕಟ್ಟದಿದ್ದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕರಣ, 2 ವರ್ಷದವರೆಗೆ ಸಜೆ ಅಥವಾ ಮೊತ್ತದ ಎರಡರಷ್ಟು ದಂಡ. 19 ಜನಕ್ಕೆ ಕೊಟ್ಟರೆ 19 ಪ್ರಕರಣ. ಚೆಕ್ಕಿನ ಬದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿ ಲೋಕ ಅದಾಲತ್ತಿನಲ್ಲಿ ಕಂತಿನ ಒಪ್ಪಂದ ಮಾಡಿಕೊಳ್ಳಿ. ಅಲ್ಲಿನ ತೀರ್ಮಾನಕ್ಕೆ ಡಿಕ್ರಿಯ ಬೆಲೆ ಇದೆ, ಕೋರ್ಟ್ ಶುಲ್ಕವಿಲ್ಲ. ಜನರಿಗೂ ಬರೀ ಮಾತಿಗಿಂತ ಅದರ ಮೇಲೆ ನಂಬಿಕೆ. ಯಾರಾದರೂ ಆಗಲೇ ವಂಚನೆ ದೂರು ಕೊಟ್ಟಿದ್ದರೂ 318(4)ರ ಪ್ರಕರಣವನ್ನು ಕೋರ್ಟಿನ ಅನುಮತಿಯೊಂದಿಗೆ ರಾಜಿ ಮಾಡಿಕೊಳ್ಳಬಹುದು.

ಕ್ಷಮೆಯ ಬಗ್ಗೆ. ಪೇಪರಿನಲ್ಲಿ ಜಾಹೀರಾತು ಬೇಡ, ವಿಡಿಯೊ ಬೇಡ. ವಿಡಿಯೊ ಮಾಡಿದರೆ ಅದನ್ನೇ ಕತ್ತರಿಸಿ ಹರಡುತ್ತಾರೆ. 31 ಜನರನ್ನೂ ಒಂದು ಕಡೆ ಕರೆಯಿರಿ, ಎರಡೂ ಕಡೆಯವರು ಒಪ್ಪುವ ಇಬ್ಬರು ಹಿರಿಯರು ಇರಲಿ, ಚೀಟಿ ಪುಸ್ತಕ ಎಲ್ಲರ ಎದುರು ತೆರೆದಿರಲಿ. ಓದುವುದು ಇಷ್ಟು ಸಾಕು:

"ಮೊದಲೆರಡು ಚೀಟಿಯಲ್ಲಿ ದುಡ್ಡು ಕಡಿಮೆ ಬಿದ್ದದ್ದನ್ನು ನಿಮಗೆ ಹೇಳಲಿಲ್ಲ. ಮೂರನೆಯದನ್ನು ಶುರು ಮಾಡಿದೆ. ಆಮೇಲೆ ಫೋನ್ ಆಫ್ ಮಾಡಿ 11 ದಿನ ಹೋಗಿಬಿಟ್ಟೆ. ಮೂರೂ ನನ್ನ ತಪ್ಪು. ಯಾರಿಗೆ ಎಷ್ಟು ಎಂಬ ಪಟ್ಟಿ ಇಲ್ಲಿದೆ, ಒಟ್ಟು 14 ಲಕ್ಷ. ಇಂದು ಇಷ್ಟು, ಪ್ರತಿ ತಿಂಗಳು 10ನೇ ತಾರೀಖು ಇಷ್ಟು. ದಿನಾ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಅಂಗಡಿಯಲ್ಲಿರುತ್ತೇನೆ."

"ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮಿಸಿ" ಎನ್ನುವುದು, "ಚೀಟಿ ಎತ್ತಿದವರು ಕಟ್ಟದಿದ್ದುದರಿಂದ ಹೀಗಾಯಿತು" ಎಂದು ಶುರು ಮಾಡುವುದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಮೂರೂ ಬೇಡ. ಕಟ್ಟದವರಿಂದ ವಸೂಲಿ ಮಾಡುವುದು ನಿಮ್ಮ ತಮ್ಮನ ಜವಾಬ್ದಾರಿ, ಸದಸ್ಯರದಲ್ಲ. ಈ ಬರಹ ಕೋರ್ಟಿನಲ್ಲಿ ಒಪ್ಪಿಗೆಯಾಗಿಯೂ ಬಳಕೆಯಾಗಬಹುದು, ಸಾಲದ ಲಿಖಿತ ಒಪ್ಪಿಗೆಯಿಂದ ವಸೂಲಿಯ 3 ವರ್ಷದ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಓದುವ ಮೊದಲು ಒಬ್ಬ ವಕೀಲರಿಗೆ ತೋರಿಸಿ, ಎರಡು ಪದ ಬದಲಾಗಬಹುದು. ಅಪಾಯವಿದೆ ಎಂದು ಓದದೇ ಇರುವುದನ್ನು ಮಾತ್ರ ನಾನು ಸಲಹೆ ಮಾಡುವುದಿಲ್ಲ. ದಾಖಲೆಗಳು ಹೇಗೂ ಅದನ್ನೇ ಹೇಳುತ್ತವೆ.

ಎರಡು ಮೂರು ಕಂತು ತಪ್ಪದೆ ಹೋದ ಮೇಲೆ ಸುಳ್ಳಿನ ಕಡೆಗೆ ತಿರುಗಿ. ಸೈಟು, ಇನ್ನೊಂದು ಸಂಸಾರ ಎಂದು ಬರೆದವರಲ್ಲಿ ಚೀಟಿಯವರಲ್ಲದ, ಮೋಜಿಗೆ ಸೇರಿಸಿದವರು ಇರುತ್ತಾರೆ. ನೋಟಿಸ್ ಅಂಥವರಿಗೆ, ಅದೂ ಆ ಎರಡು ಸಾಲಿನ ಬಗ್ಗೆ ಮಾತ್ರ. ಅದೇ ಗ್ರೂಪಿನಲ್ಲಿ ತಿದ್ದುಪಡಿ ಹಾಕಿ ಎಂದು ಕೇಳಿ. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದಿನ ದೂರು. ಆಗ ಪಾಟಿ ಸವಾಲಿನಲ್ಲಿ ಎದುರು ವಕೀಲರು ಚೀಟಿ ವಿಷಯ ಎತ್ತೇ ಎತ್ತುತ್ತಾರೆ, ಕೊಟ್ಟ ಕಂತುಗಳ ಸಹಿ ಇರುವ ಪುಸ್ತಕ ಕೈಯಲ್ಲಿದ್ದರೆ ಉತ್ತರ ಇರುತ್ತದೆ. ತಡೆಯಾಜ್ಞೆ ಮಾತ್ರ ಸುಲಭವಲ್ಲ. ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್‌ನ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆ ಪ್ರಕಟಣೆಗೆ ತಡೆ ಕೊಡುವಾಗ ಬಹಳ ಎಚ್ಚರ ಬೇಕು ಎಂದಿದೆ.

ಹೆಸರು ಹೋಗುತ್ತದೆಯೇ ಎಂದು ಕೇಳಿದ್ದೀರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಗಾದೆ ಇದೆ. ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳ ಬಾಯಲ್ಲೂ ಕೇಳುತ್ತೀರಿ. ವೃತ್ತಿಯಲ್ಲಿ ನೋಡಿದ್ದರಿಂದ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಆನೆಯಂಥದ್ದು ಕೊಡಲು ಹೋದವರಿಗೆ, ಅಂದರೆ ದೇವಸ್ಥಾನಕ್ಕೆ ದೇಣಿಗೆ, ಫ್ಲೆಕ್ಸು, ಸನ್ಮಾನ ಮಾಡಿಸಿಕೊಂಡವರಿಗೆ ಅದು ಬರುವುದಿಲ್ಲ, ಜನ ಇನ್ನಷ್ಟು ಕೆರಳುತ್ತಾರೆ. ಯಾರ ಅಡಿಕೆ ಹೋಗಿತ್ತೋ ಅವರಿಗೇ ಅದನ್ನು ಕೊಟ್ಟವರಿಗೆ ಒಂದಷ್ಟು ಬರುತ್ತದೆ. ಇಡೀ ಊರಲ್ಲಿ ಅಲ್ಲ, ಆ 31 ಮನೆಗಳಲ್ಲಿ ಮತ್ತು ಅವರ ಅಕ್ಕಪಕ್ಕದಲ್ಲಿ. ಬಟ್ಟೆ ಹೊಲಿಸಲು ಬರುವವರೂ ಅವರೇ. ಮತ್ತೆ ಚೀಟಿ ಹಿಡಿಯುವ ಅವಕಾಶವಂತೂ ಬರುವುದಿಲ್ಲ, ಬರಲೂಬಾರದು.

ಮಗುವಿನ ವಿಷಯ ಇದ್ಯಾವುದಕ್ಕೂ ಕಾಯಬಾರದು. ನೀವು ಮತ್ತು ತಾಯಿ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ತರಗತಿಯ ಮಿಸ್‌ಗೂ ತಿಳಿಸಿ. ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆ ಫೋಟೊ ಬಂದಿದ್ದರೆ ಶಾಲೆಯವರೇ ಅಳಿಸಲು ಹೇಳಲಿ. "ಅಪ್ಪ ಏನೂ ಮಾಡಿಲ್ಲ" ಎಂದು ಮಗುವಿಗೆ ಸುಳ್ಳು ಹೇಳಬೇಡಿ, ನಾಳೆ ಇನ್ನೊಂದು ಮಗು ಅದನ್ನು ಮುರಿಯುತ್ತದೆ. "ಅಪ್ಪ ಜನರ ದುಡ್ಡು ಕೊಡಬೇಕು, ಕೊಡುತ್ತಿದ್ದಾರೆ, ಉಳಿದದ್ದು ಸುಳ್ಳು" ಎನ್ನುವುದು 9 ವರ್ಷದ ಮಗುವಿಗೆ ಅರ್ಥವಾಗುತ್ತದೆ. ಊಟ, ನಿದ್ದೆ ಬಿಟ್ಟರೆ 1098ಕ್ಕೆ ಕರೆ ಮಾಡಿ.

ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ಹಾಗಾಗಿ ಪೋಸ್ಟರಿನಲ್ಲಿ ತನ್ನ ಫೋಟೊ ಇರುವ ನಿಮ್ಮ ತಮ್ಮನ ಹೆಂಡತಿಯೇ ಅರ್ಜಿ ಹಾಕಬಹುದು. ಸಹಾಯವಾಣಿ 15100. ದಾವಣಗೆರೆ ಜಿಲ್ಲಾ ನ್ಯಾಯಾಲಯದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುವಾಗ ಮೂರೂ ಚೀಟಿಯ ಪುಸ್ತಕ, 31 ಜನರ ಬಾಕಿ ಪಟ್ಟಿ, ಕಂತು ನಿಲ್ಲಿಸಿದವರಿಂದ ಪಡೆದ ಪ್ರಾಮಿಸರಿ ನೋಟು ಅಥವಾ ಚೆಕ್ ಇದ್ದರೆ ಅವು, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಋಣಭಾರ ಪತ್ರ, ಪೋಸ್ಟರ್ ಬಂದ ಮೂಲ ಫೋನು ಜೊತೆಗಿರಲಿ. ನಿಮ್ಮ ತಮ್ಮನೂ ಬರಲಿ, ಫೋನ್ ಆನ್ ಇರಲಿ.